123456789987654321: ಇಷ್ಟು ದೊಡ್ಡ ಪ್ಯಾಲಿಂಡ್ರೋಮ್ ಸಂಖ್ಯೆಯ ಅಪವರ್ತನಗಳು ಇಷ್ಟು ಚಿಕ್ಕವು ಯಾಕೆ?

ಶೇಷ_ಸೊನ್ನೆ ಕೇಳಿದ್ದು:

ಒಂದರಿಂದ ಒಂಬತ್ತರ ತನಕ ಬರೆದು, ಒಂಬತ್ತನ್ನು ಇನ್ನೊಂದು ಸಲ ಬರೆದು, ಬಂದ ದಾರಿಯಲ್ಲೇ ವಾಪಸ್ ಹೋದರೆ 18 ಅಂಕಿಯ ಈ ಸಂಖ್ಯೆ ಸಿಗುತ್ತದೆ:

123456789987654321

ಹಿಂದಿನಿಂದ ಓದಿದರೂ ಅದೇ. ಸುಮ್ನೆ ಕುತೂಹಲಕ್ಕೆ ಕಂಪ್ಯೂಟರಿಗೆ ಕೊಟ್ಟು ಅಪವರ್ತನ ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು:

3 × 3 × 11 × 37 × 41 × 271 × 9091 × 333667

ನನ್ನ ತಲೆ ಕೆಡಿಸಿದ್ದು ಇದೇ. ಸಂಖ್ಯೆಗೆ 18 ಅಂಕಿ, ಆದರೆ ಅದರ ಅತಿ ದೊಡ್ಡ ಅವಿಭಾಜ್ಯ ಅಪವರ್ತನಕ್ಕೆ ಬರೀ 6 ಅಂಕಿ. 3 ಎರಡು ಸಲ ಬಂದದ್ದು ಅರ್ಥವಾಗುತ್ತದೆ, ಅಂಕಿಗಳ ಮೊತ್ತ 90, ಹಾಗಾಗಿ 9ರಿಂದ ಭಾಗ ಆಗಲೇಬೇಕು. ಆದರೆ 37, 41, 271 ಇವೆಲ್ಲ ಎಲ್ಲಿಂದ ಬಂದವು? 7, 13, 17, 19 ಯಾಕೆ ಬರಲಿಲ್ಲ? ಇದು ಪ್ಯಾಲಿಂಡ್ರೋಮ್ ಆಗಿರುವುದರ ಫಲವಾ, ಅಥವಾ ಬೇರೆ ಏನಾದರೂ ಇದೆಯಾ? ಕಂಪ್ಯೂಟರ್ ಇಲ್ಲದೆ ಕೈಲೆಕ್ಕದಲ್ಲಿ ಇದನ್ನು ಒಡೆಯಲು ಆಗುತ್ತದಾ?

ಶೇಷದ ಲೆಕ್ಕ ನನಗೆ ಗೊತ್ತು, ಅದಕ್ಕಿಂತ ಜಾಸ್ತಿ ಗಣಿತ ಓದಿಲ್ಲ. ಆ ಮಟ್ಟದಲ್ಲಿ ಹೇಳಿದರೆ ಉಪಕಾರ.

ಹನ್ನೊಂದರ_ಮಗ್ಗಿ ಬರೆದದ್ದು:

11ರದ್ದು ಸುಲಭ, ಅದನ್ನು ನಾನು ಹೇಳುತ್ತೇನೆ. ಉಳಿದದ್ದಕ್ಕೆ ಬೇರೆಯವರು ಬರಲಿ.

ಸಮ ಸಂಖ್ಯೆಯ ಅಂಕಿಗಳಿರುವ ಯಾವುದೇ ಪ್ಯಾಲಿಂಡ್ರೋಮ್ ತಗೊಳ್ಳಿ. ಅಂಕಿಗಳನ್ನು ಜೋಡಿ ಮಾಡಿ, ಮೊದಲನೆಯದಕ್ಕೆ ಕೊನೆಯದು, ಎರಡನೆಯದಕ್ಕೆ ಕೊನೆಯಿಂದ ಎರಡನೆಯದು, ಹೀಗೆ. ನಿಮ್ಮ ಸಂಖ್ಯೆಯಲ್ಲಿ ಹೊರಗಿನ ಜೋಡಿ 10^17 + 1. ಅದರ ಒಳಗಿನದು 2 × 10 × (10^15 + 1). ಅದರ ಒಳಗಿನದು 3 × 100 × (10^13 + 1). ಆವರಣದ ಒಳಗೆ ಯಾವಾಗಲೂ 10ರ ಬೆಸ ಘಾತಕ್ಕೆ 1 ಕೂಡಿದ್ದೇ ಇರುತ್ತದೆ. 10ನ್ನು 11ರ ಲೆಕ್ಕದಲ್ಲಿ −1 ಅಂತ ನೋಡಬಹುದು, ಬೆಸ ಘಾತ ಮಾಡಿದರೂ −1, ಅದಕ್ಕೆ 1 ಸೇರಿಸಿದರೆ ಸೊನ್ನೆ. 11, 1001, 100001 ಎಲ್ಲವೂ 11ರಿಂದ ಭಾಗ ಆಗುವುದು ಹೀಗೆಯೇ. ಪ್ರತಿ ಜೋಡಿಯೂ ಭಾಗ ಆದ ಮೇಲೆ ಇಡೀ ಸಂಖ್ಯೆ ಆಗದೆ ಎಲ್ಲಿಗೆ ಹೋಗುತ್ತದೆ?

ಹಾಗಾಗಿ ಸಮ ಅಂಕಿಗಳ ಪ್ಯಾಲಿಂಡ್ರೋಮ್‌ಗಳಲ್ಲಿ ಅವಿಭಾಜ್ಯ ಅಂದರೆ 11 ಒಂದೇ. 4 ಅಂಕಿ, 6 ಅಂಕಿ, 600 ಅಂಕಿ, ಎಷ್ಟಾದರೂ ಹುಡುಕಿ, ಇನ್ನೊಂದು ಸಿಗಲ್ಲ.

ಆದರೆ ಪ್ಯಾಲಿಂಡ್ರೋಮ್ ಅನ್ನೋ ಗುಣದಿಂದ ಸಿಗುವುದು ಇಷ್ಟೇ. 37, 41 ಇತ್ಯಾದಿಗೂ ಅದಕ್ಕೂ ಸಂಬಂಧ ಇಲ್ಲ. ನಂಬಿಕೆ ಬರದಿದ್ದರೆ ನಡುವಿನ 99 ತೆಗೆದು 88 ಇಡಿ. 123456788887654321. ಇದೂ ಪ್ಯಾಲಿಂಡ್ರೋಮೇ. ಹಳೆಯ ಸಂಖ್ಯೆಯಿಂದ ನೀವು ಕಳೆದಿರುವುದು 11 × 10^8. ಹಳೆಯ ಸಂಖ್ಯೆ 37ರಿಂದ ಭಾಗ ಆಗುತ್ತಿತ್ತು, ಆದರೆ ಕಳೆದದ್ದು 37ರಿಂದ ಭಾಗ ಆಗಲ್ಲ, ಅಂದಮೇಲೆ ಹೊಸದು 37ರಿಂದ ಭಾಗ ಆಗುವುದಿಲ್ಲ. 3, 41, 271, 9091, 333667 ಎಲ್ಲದಕ್ಕೂ ಇದೇ ಮಾತು. ಒಂದೇ ಏಟಿಗೆ ಎಲ್ಲ ಹೋಯಿತು, 11 ಮಾತ್ರ ಉಳಿಯಿತು.

ಕಾಗದ_ಪೆನ್ನು ಬರೆದದ್ದು:

ಮೇಲಿನವರು ಹೇಳಿದ್ದು ಸರಿ. ಉಳಿದ ಅಪವರ್ತನಗಳು ಬರುವುದು ಅಂಕಿಗಳು ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುವುದರಿಂದ. ಮತ್ತು ಹೌದು, ಪೂರ್ತಿ ಕೈಲೆಕ್ಕದಲ್ಲೇ ಆಗುತ್ತದೆ, ಕ್ಯಾಲ್ಕುಲೇಟರ್ ಕೂಡ ಬೇಡ.

9ರಿಂದ ಭಾಗ ಆಗುತ್ತದಾ ಅಂತ ನೋಡಲು ಅಂಕಿಗಳನ್ನು ಕೂಡುತ್ತೇವೆ ಅಲ್ವಾ. 10ನ್ನು 9ರಿಂದ ಭಾಗಿಸಿದರೆ ಶೇಷ 1, ಅದಕ್ಕೇ ಅದು ನಡೆಯುತ್ತದೆ. 1000ವನ್ನು 999ರಿಂದ ಭಾಗಿಸಿದರೂ ಶೇಷ 1. ಹಾಗಾಗಿ ಬಲಗಡೆಯಿಂದ ಮೂರು ಮೂರು ಅಂಕಿ ಗುಂಪು ಮಾಡಿ ಕೂಡಿದರೆ ಅದು 999ರ ಪರೀಕ್ಷೆ, ಅದರ ಜೊತೆ 999ರ ಒಳಗಿರುವ 37ರ ಪರೀಕ್ಷೆಯೂ ಹೌದು, ಯಾಕಂದರೆ 999 = 27 × 37.

123 + 456 + 789 + 987 + 654 + 321 = 3330 = 90 × 37

37 ಸಿಕ್ಕಿತು. ಗುಂಪುಗಳನ್ನು ಜೋಡಿ ಮಾಡಿ ನೋಡಿದರೆ ಇನ್ನೂ ಚೆನ್ನ: 123 + 321 = 444, 456 + 654 = 1110, 789 + 987 = 1776. ಮೂರೂ ನಡುವಿನ ಅಂಕಿಯ 222 ಪಟ್ಟು, ಅಂದರೆ 222 × 2, 222 × 5, 222 × 8. ಮತ್ತು 222 = 6 × 37. ಅಂಕಿಗಳು ಒಂದೊಂದೇ ಏರುವುದರಿಂದ ಹೀಗಾಗುತ್ತದೆ, ಬೇರೆ ಅಂಕಿ ಹಾಕಿದರೆ ಆಗಲ್ಲ.

ಈಗ ಐದೈದು ಅಂಕಿ:

123 | 45678 | 99876 | 54321

ಇಲ್ಲಿ ಒಂದು ನಿಮಿಷ ನಿಲ್ಲಿ. 45678 + 54321 = 99999. 123 + 99876 = 99999. ಎರಡೂ ಜೋಡಿ ಸರಿಯಾಗಿ 99999! ಹಾಗಾಗಿ ಒಟ್ಟು ಮೊತ್ತ 2 × 99999, ಸಂಖ್ಯೆ 99999ರಿಂದ ನಿಶ್ಶೇಷವಾಗಿ ಭಾಗ ಆಗುತ್ತದೆ. 99999 = 9 × 11111, ಮತ್ತು 11111 = 41 × 271. ಎರಡು ಅಪವರ್ತನ ಒಟ್ಟಿಗೆ ಬಂದವು.

ಅದೇ ಗುಂಪುಗಳನ್ನು ಕೂಡಿ ಕಳೆದು ಮಾಡಿದರೆ 100001ರ ಪರೀಕ್ಷೆ (11ಕ್ಕೆ ಅಂಕಿಗಳನ್ನು ಕೂಡಿ ಕಳೆದು ಮಾಡುತ್ತೇವಲ್ಲ, ಅದೇ ಥರ): 54321 − 99876 + 45678 − 123. ಕೂಡುವ ಎರಡು ಸೇರಿ 99999, ಕಳೆಯುವ ಎರಡು ಸೇರಿ 99999, ಉತ್ತರ ಸೊನ್ನೆ. 100001 = 11 × 9091. ಇನ್ನೆರಡು ಬಂದವು.

99999 ಮತ್ತು 100001 ಎರಡೂ ಬೆಸ ಸಂಖ್ಯೆ, ನಡುವೆ ಅಂತರ 2, ಹಾಗಾಗಿ ಅವಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಲು ಸಾಧ್ಯವೇ ಇಲ್ಲ. ಅಂದಮೇಲೆ ನಿಮ್ಮ ಸಂಖ್ಯೆ ಅವೆರಡರ ಗುಣಲಬ್ಧದಿಂದಲೇ ಭಾಗ ಆಗುತ್ತದೆ. ಅದು 10^10 − 1, ಅಂದರೆ ಹತ್ತು ಒಂಬತ್ತುಗಳು. ಭಾಗಲಬ್ಧ ಎಷ್ಟು? 12345679. ಎಂಟು ಇಲ್ಲದ ಆ ಹಳೇ ಗಿರಾಕಿ. ತಾಳೆ ನೋಡಲು ಒಂದು ವ್ಯವಕಲನ ಸಾಕು, 12345679ರ ಮುಂದೆ ಹತ್ತು ಸೊನ್ನೆ ಹಾಕಿ, ಅದರಿಂದ ಒಂದು ಸಲ 12345679 ಕಳೆಯಿರಿ:

123456790000000000 − 12345679 = 123456789987654321

ನನ್ನ ಕೇಳಿದರೆ ಈ ಸಂಖ್ಯೆಯ ಇಡೀ ಗುಟ್ಟು ಈ ಒಂದು ಸಾಲಿನಲ್ಲಿದೆ. ಎಡಗಡೆ ಏರುವ ಅಂಕಿಗಳು, ಬಲಗಡೆ ಅದನ್ನೇ ಕಳೆದಾಗ ಬರುವ ಇಳಿಯುವ ಅಂಕಿಗಳು.

ಇನ್ನು 12345679 × 9 = 111111111 ಅನ್ನೋದು ಎಲ್ಲರಿಗೂ ಗೊತ್ತು. ಆ 9ನ್ನು ಹತ್ತು ಒಂಬತ್ತುಗಳಿಂದ ಈಚೆ ತೆಗೆದುಕೊಂಡು 12345679ಕ್ಕೆ ಕೊಟ್ಟರೆ:

123456789987654321 = 111111111 × 1111111111

ಒಂಬತ್ತು ಒಂದುಗಳು ಗುಣಿಸು ಹತ್ತು ಒಂದುಗಳು. ಶಾಲೆಯಲ್ಲಿ ಮಾಡಿದ ಹಾಗೆ ಉದ್ದಕ್ಕೆ ಗುಣಾಕಾರ ಬರೆದು ನೋಡಿ, ಒಂದುಗಳ ಸಾಲುಗಳು ಒಂದೊಂದು ಸ್ಥಾನ ಸರಿದು ಕೂರುತ್ತವೆ. ಬಿಡಿ ಸ್ಥಾನದಲ್ಲಿ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ನಡುವೆ ಒಂಬತ್ತು ಒಂಬತ್ತು, ಮತ್ತೆ ಇಳಿತ. ಒಂಬತ್ತಕ್ಕಿಂತ ಮೇಲೆ ಎಲ್ಲೂ ಹೋಗದ ಕಾರಣ ಕೈಲಿ ಏನೂ ಉಳಿಯಲ್ಲ, ಮಾದರಿ ಕೆಡಲ್ಲ. ಹತ್ತು ಒಂದುಗಳ ವರ್ಗ ಮಾಡಿದರೆ ನಡುವೆ 10 ಬಂದು ಕೈಲಿ 1 ಉಳಿಯುತ್ತದೆ, ಉತ್ತರ 1234567900987654321. ಪ್ಯಾಲಿಂಡ್ರೋಮ್ ಹೋಯಿತು.

ಒಡೆಯುವುದು ಈಗ ಬಾಯಿಲೆಕ್ಕ:

111111111 = 111 × 1001001 = (3 × 37) × (3 × 333667)
1111111111 = 11111 × 100001 = (41 × 271) × (11 × 9091)

ಮೊದಲು ಕೇಳಿದಿರಲ್ಲ, ಇಷ್ಟು ಚಿಕ್ಕವು ಯಾಕೆ ಅಂತ. 18 ಅಂಕಿಯ ಸಂಖ್ಯೆಯೊಂದನ್ನು ಯಾವ ಲೆಕ್ಕಾಚಾರವೂ ಇಲ್ಲದೆ ಆರಿಸಿದರೆ, ಅದರ ಅತಿ ದೊಡ್ಡ ಅವಿಭಾಜ್ಯ ಅಪವರ್ತನ ಅದರ ಘನಮೂಲಕ್ಕಿಂತ ಚಿಕ್ಕದಾಗಿರುವುದು ಸುಮಾರು 100ರಲ್ಲಿ 5 ಸಲ. 1930ರಲ್ಲಿ ಕಾರ್ಲ್ ಡಿಕ್‌ಮನ್ ಈ ಥರದ ಲೆಕ್ಕ ಹಾಕಿದ್ದು. ನಿಮ್ಮ ಸಂಖ್ಯೆಯ ಘನಮೂಲ 5 ಲಕ್ಷಕ್ಕೆ ಸ್ವಲ್ಪ ಕಡಿಮೆ, 333667 ಅದರ ಒಳಗೇ ಇದೆ. ಅಪರೂಪ ನಿಜ, ಆದರೆ ಇದು ಯಾವ ಲೆಕ್ಕಾಚಾರವೂ ಇಲ್ಲದೆ ಆರಿಸಿದ ಸಂಖ್ಯೆ ಅಲ್ಲವಲ್ಲ.

ಶೇಷ_ಸೊನ್ನೆ:

123 + 99876 ನೋಡಿ ಎದ್ದು ಕೂತೆ! ತುಂಬಾ ಥ್ಯಾಂಕ್ಸ್. ಒಂದು ಅನುಮಾನ ಮಾತ್ರ ಉಳಿಯಿತು. 333667 ಅವಿಭಾಜ್ಯ ಅಂತ ಕೈಲೆಕ್ಕದಲ್ಲಿ ಹೇಗೆ ಗೊತ್ತಾಗಬೇಕು? ಅದರ ವರ್ಗಮೂಲ 577ಕ್ಕಿಂತ ಸ್ವಲ್ಪ ಮೇಲೆ. 577ರ ತನಕ 106 ಅವಿಭಾಜ್ಯಗಳಿವೆ. ಅಷ್ಟೂ ಭಾಗಾಕಾರ ಮಾಡೋದು ಯಾರಿಗೆ ಬೇಕು? ಮತ್ತೆ 7, 13 ಯಾಕಿಲ್ಲ ಅನ್ನೋದಕ್ಕೂ ಉತ್ತರ ಬರಲಿಲ್ಲ.

ಆವರ್ತ ಬರೆದದ್ದು:

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. 1ನ್ನು ಆ ಅವಿಭಾಜ್ಯದಿಂದ ಭಾಗಿಸಿ ದಶಮಾಂಶ ಬರೆಯಿರಿ.

1/37 = 0.027027027… ಮೂರು ಅಂಕಿಗೊಮ್ಮೆ ತಿರುಗುತ್ತದೆ.
1/41 = 0.0243902439… ಐದು ಅಂಕಿ.
1/271 = 0.0036900369… ಇದೂ ಐದು.
1/333667 = 0.000002997000002997… ಒಂಬತ್ತು.
1/9091 ಹತ್ತು ಅಂಕಿಗೊಮ್ಮೆ ತಿರುಗುತ್ತದೆ, ಆ ಹತ್ತು ಅಂಕಿ 0001099989.
3ಕ್ಕೆ ಒಂದು, 11ಕ್ಕೆ ಎರಡು.

ಈ ಉದ್ದವನ್ನು ಆವರ್ತ ಅನ್ನೋಣ. ಒಂದು ಅವಿಭಾಜ್ಯ ಒಂಬತ್ತು 9ಗಳ ಸಾಲನ್ನು ಭಾಗಿಸಬೇಕಾದರೆ ಅದರ ಆವರ್ತ 9ನ್ನು ಭಾಗಿಸಬೇಕು, ಹತ್ತು 9ಗಳ ಸಾಲಾದರೆ 10ನ್ನು. ಅಂದರೆ ಆವರ್ತ 1, 2, 3, 5, 9, 10 ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. 7 ಮತ್ತು 13ರ ಆವರ್ತ 6, ಹೊರಗೆ. 17ರದ್ದು 16, 19ರದ್ದು 18, 23ರದ್ದು 22, 31ರದ್ದು 15. ಎಲ್ಲ ಹೊರಗೆ. ನಿಮ್ಮ ಪಟ್ಟಿಯಲ್ಲಿರುವ ಏಳು ಅವಿಭಾಜ್ಯಗಳು ಈ ಆರು ಆವರ್ತಗಳ ಎಲ್ಲ ಸದಸ್ಯರು, ಒಂದೂ ಬಿಟ್ಟಿಲ್ಲ. ನನಗೆ ಇದು ಆ ಏರು ಇಳಿ ಅಂಕಿಗಳಿಗಿಂತ ಚೆಂದ ಅನಿಸುತ್ತದೆ.

ಈಗ 333667. ಅವಿಭಾಜ್ಯ ಒಂದರ ಆವರ್ತ ಯಾವಾಗಲೂ ಅದಕ್ಕಿಂತ 1 ಕಡಿಮೆ ಇರುವ ಸಂಖ್ಯೆಯನ್ನು ಭಾಗಿಸುತ್ತದೆ, ಇದು ಗಣಿತಜ್ಞ ಫರ್ಮಾನ ಹಳೆಯ ಫಲಿತಾಂಶದಿಂದ ಬರುತ್ತದೆ. 333667 ಒಂಬತ್ತು 9ಗಳನ್ನು ಭಾಗಿಸುವುದರಿಂದ ಅದರ ಯಾವ ಅವಿಭಾಜ್ಯ ಅಪವರ್ತನದ ಆವರ್ತವೂ 1, 3 ಅಥವಾ 9 ಆಗಬೇಕು. 1 ಅಂದರೆ 3. ಅಂಕಿಗಳ ಮೊತ್ತ 28, ಹಾಗಾಗಿ ಆಗಲ್ಲ. 3 ಅಂದರೆ 37. 37 × 9018 = 333666, ಒಂದೇ ಒಂದು ಉಳಿಯುತ್ತದೆ, ಆಗಲ್ಲ. ಉಳಿದದ್ದು ಆವರ್ತ 9. ಅಂದಮೇಲೆ ಆ ಅಪವರ್ತನವನ್ನು 9ರಿಂದ ಭಾಗಿಸಿದರೆ ಶೇಷ 1 ಬರಬೇಕು, ಬೆಸ ಸಂಖ್ಯೆಯೂ ಆಗಿರುವುದರಿಂದ 18ರಿಂದ ಭಾಗಿಸಿದರೂ ಶೇಷ 1. 577ರ ತನಕ ಅಂಥ ಅವಿಭಾಜ್ಯಗಳು 17 ಮಾತ್ರ: 19, 37, 73, 109, 127, 163, 181, 199, 271, 307, 379, 397, 433, 487, 523, 541, 577. ಅದರಲ್ಲಿ 37 ಮುಗಿಯಿತು, 271ರ ಆವರ್ತ 5, ಅದೂ ಹೋಯಿತು.

ಹದಿನೈದು ಭಾಗಾಕಾರಕ್ಕೂ ಸೋಮಾರಿತನ ಬಂದರೆ ಇನ್ನೊಂದು ಉಪಾಯ ಇದೆ. 10^9ರ ಶೇಷ 1 ಆದರೆ 10^10ರ ಶೇಷ 10. ಆದರೆ 10^10 ಅನ್ನೋದು 10^5ರ ವರ್ಗ. ಅಂದರೆ ಆ ಅವಿಭಾಜ್ಯದ ಲೆಕ್ಕದಲ್ಲಿ 10 ಒಂದು ವರ್ಗಸಂಖ್ಯೆ. ಹಾಗೆ ಆಗುವುದು ಆ ಅವಿಭಾಜ್ಯವನ್ನು 40ರಿಂದ ಭಾಗಿಸಿದಾಗ ಶೇಷ 1, 3, 9, 13, 27, 31, 37, 39 ಇವುಗಳಲ್ಲಿ ಒಂದು ಬಂದರೆ ಮಾತ್ರ. ಈ ನಿಯಮದ ಸಾಧನೆಗೆ ಗೌಸ್ ಕಾಲದ ವರ್ಗಗಳ ಪರಸ್ಪರತೆಯ ಪ್ರಮೇಯ ಬೇಕು, ಅದನ್ನು ಇಲ್ಲಿ ಬರೆಯುತ್ತಾ ಕೂರಲ್ಲ. ಅದನ್ನು ಹಾಕಿ ಜರಡಿ ಹಿಡಿದರೆ ಉಳಿಯುವುದು ಐದು: 163, 199, 307, 397, 523. ಶೇಷಗಳು ಕ್ರಮವಾಗಿ 6, 143, 265, 187, 516. ಯಾವುದೂ ಸೊನ್ನೆ ಅಲ್ಲ. 333667 ಅವಿಭಾಜ್ಯ. 106 ಭಾಗಾಕಾರ ಹೋಗಿ 5 ಆಯಿತು.

9091 ಇನ್ನೂ ಸುಲಭ. ಅದು 100001ರ ಭಾಗ, ಹಾಗಾಗಿ ಅಪವರ್ತನದ ಆವರ್ತ 2 ಅಥವಾ 10. 2 ಅಂದರೆ 11, ಶೇಷ 5, ಆಗಲ್ಲ. 10 ಅಂದರೆ ಆ ಅವಿಭಾಜ್ಯ 1ರಲ್ಲಿ ಕೊನೆಯಾಗಬೇಕು. 9091ರ ವರ್ಗಮೂಲ 95ರ ಹತ್ತಿರ, ಅಷ್ಟರೊಳಗೆ 31, 41, 61, 71 ಇವೆ. ಶೇಷ 8, 30, 2, 3. ಮುಗಿಯಿತು.

ಸುಮ್ನೆ_ಅನುಮಾನ ಬರೆದದ್ದು:

ಎಲ್ಲ ಸರಿ, ಆದರೆ ಇದೆಲ್ಲ ನಾವು ಹತ್ತರ ಲೆಕ್ಕದಲ್ಲಿ ಬರೆಯುವುದರ ಆಟ ಅಲ್ವಾ? ಎರಡರ ಲೆಕ್ಕದಲ್ಲಿ, ಅಂದರೆ 0 ಮತ್ತು 1 ಎರಡೇ ಅಂಕಿ ಬಳಸಿ ಬರೆದರೆ ಈ ಸಂಖ್ಯೆಯ ಏರಿಳಿತ ಎಲ್ಲಿ ಹೋಗುತ್ತದೆ? ಅಂಕಿಗಳ ಮೇಲಿನ ಇಂಥ ಚಮತ್ಕಾರಗಳನ್ನು ಸಂಖ್ಯೆಗಳ ಗುಣ ಅಂತ ಕರೆಯುವುದು ನನಗೇಕೋ ಸರಿ ಕಾಣಲ್ಲ. ಅವಿಭಾಜ್ಯ ಆಗಿರುವುದು ಸಂಖ್ಯೆಯ ಗುಣ. ಪ್ಯಾಲಿಂಡ್ರೋಮ್ ಆಗಿರುವುದು ಅದನ್ನು ಬರೆದ ರೀತಿಯ ಗುಣ.

ಆವರ್ತ:

ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಉತ್ತರ ಇದು: 10ರ ಜಾಗದಲ್ಲಿ 'ಕ' ಅಂತ ಒಂದು ಅಕ್ಷರ ಇಟ್ಟು ನೋಡಿ. ಒಂಬತ್ತು ಒಂದುಗಳು ಮತ್ತು ಹತ್ತು ಒಂದುಗಳ ಗುಣಲಬ್ಧ ಬಹುಪದೋಕ್ತಿಯಾಗಿ ಐದು ತುಂಡಾಗುತ್ತದೆ:

ಕ + 1
ಕ² + ಕ + 1
ಕ⁴ + ಕ³ + ಕ² + ಕ + 1
ಕ⁴ − ಕ³ + ಕ² − ಕ + 1
ಕ⁶ + ಕ³ + 1

ಕ = 10 ಹಾಕಿ. 11, 111, 11111, 9091, 1001001. ಬೇರೆ ಯಾವ ಸಂಖ್ಯೆ ಹಾಕಿದರೂ ಈ ಐದು ತುಂಡು ಹಾಗೇ ಇರುತ್ತವೆ. ಹಾಗಾಗಿ ಅಪವರ್ತನ ಹೀಗೆ ಸಲೀಸಾಗಿ ಬಿಡಿಸಿಕೊಳ್ಳುವುದು ಹತ್ತರ ಮಹಿಮೆ ಅಲ್ಲ. ಹತ್ತರ ಕೊಡುಗೆ ಒಂದೇ, ಏರಿಳಿತ ಕೈಲಿ ಏನೂ ಉಳಿಯದೆ ಕಣ್ಣಿಗೆ ಕಾಣುತ್ತದೆ. ಎಂಟರ ಲೆಕ್ಕದಲ್ಲಿ ಬರೆಯುವವರಿಗೆ 12345677654321 ಇದೇ ಥರ ಏಳು ಒಂದುಗಳು ಗುಣಿಸು ಎಂಟು ಒಂದುಗಳಾಗಿ ಕಾಣುತ್ತದೆ. ಹನ್ನೊಂದರ ನಿಯಮವೂ ಹಾಗೆಯೇ, ಎಂಟರ ಲೆಕ್ಕದಲ್ಲಿ ಸಮ ಅಂಕಿಗಳ ಪ್ಯಾಲಿಂಡ್ರೋಮ್ 9ರಿಂದ ಭಾಗ ಆಗುತ್ತದೆ, ಎರಡರ ಲೆಕ್ಕದಲ್ಲಿ 3ರಿಂದ.

ಹನ್ನೊಂದರ_ಮಗ್ಗಿ:

ಏರಿಳಿತದ ಮಾತು ಬಂದದ್ದಕ್ಕೆ ಒಂದು ಮೋಸದ ಸಂಖ್ಯೆ ತೋರಿಸುತ್ತೇನೆ: 12345678910987654321. ಒಂದರಿಂದ ಹತ್ತರ ತನಕ ಹೋಗಿ ವಾಪಸ್. ಇದು ಅವಿಭಾಜ್ಯ! 20 ಅಂಕಿ ಇದೆ, ಸಮ, ಹಾಗಾದರೆ 11ರ ನಿಯಮ ಏನಾಯಿತು ಅಂತ ಜನ ಜಗಳಕ್ಕೆ ಬರುತ್ತಾರೆ. ಅಂಕಿ ಅಂಕಿಯಾಗಿ ಓದಿ. ನಡುವೆ ಇರುವುದು 1, ಆಮೇಲೆ 0. ತಿರುಗಿಸಿದರೆ 0, ಆಮೇಲೆ 1. ಇದು ಪ್ಯಾಲಿಂಡ್ರೋಮೇ ಅಲ್ಲ.

ದೊಡ್ಡ_ಅಂಕಿ ಬರೆದದ್ದು:

ಎಲ್ಲರೂ 18 ಅಂಕಿಗೇ ನಿಂತಿರಿ. ಇದನ್ನು ಎಷ್ಟು ಬೇಕಾದರೂ ಉದ್ದ ಮಾಡಬಹುದು. ಒಂಬತ್ತು ಒಂದುಗಳನ್ನು ಹತ್ತರ ಬದಲು ಎಷ್ಟು ಒಂದುಗಳಿಂದ ಗುಣಿಸಿದರೂ ಯಾವ ಸ್ಥಾನದಲ್ಲೂ 9 ಮೀರಲ್ಲ, ನಡುವೆ 9ಗಳು ಉದ್ದ ಆಗುತ್ತವೆ, ಅಷ್ಟೇ. 12345678, ಆಮೇಲೆ ಬೇಕಾದಷ್ಟು 9, ಆಮೇಲೆ 87654321.

ಒಂದುಗಳ ಸಾಲುಗಳಲ್ಲಿ ಕೆಲವು ಅವಿಭಾಜ್ಯ. 2, 19, 23, 317, 1031 ಒಂದುಗಳ ಸಾಲುಗಳು ಅವಿಭಾಜ್ಯ ಅಂತ ಹಿಂದೆಯೇ ಸಾಧಿಸಿದ್ದಾರೆ. 317 ಒಂದುಗಳನ್ನು ತಗೊಂಡರೆ 325 ಅಂಕಿಯ ಪ್ಯಾಲಿಂಡ್ರೋಮ್ ಸಿಗುತ್ತದೆ, ನಡುವೆ 309 ಒಂಬತ್ತುಗಳು. ಅದರ ಪೂರ್ತಿ ಅಪವರ್ತನ ಹೀಗೆ: 3 × 3 × 37 × 333667 × (317 ಒಂದುಗಳು). 325 ಅಂಕಿಯ ಸಾಮಾನ್ಯ ಸಂಖ್ಯೆಯೊಂದನ್ನು ಕೊಟ್ಟರೆ ಅದನ್ನು ಪೂರ್ತಿ ಒಡೆಯುವುದು ಎಷ್ಟೋ ಸಲ ಇವತ್ತಿನ ಕಂಪ್ಯೂಟರುಗಳ ಕೈಲೂ ಆಗಲ್ಲ. ಇದನ್ನು ನೀವು ಒಂದು ಸಾಲಿನಲ್ಲಿ ಬರೆದಿರಿ.

23 ಒಂದುಗಳನ್ನು ತಗೊಂಡರೆ 31 ಅಂಕಿ, ನಡುವೆ 15 ಒಂಬತ್ತು. ಇದರ ಪಕ್ಕದಲ್ಲಿ ಇನ್ನೊಂದು 31 ಅಂಕಿಯ ಪ್ಯಾಲಿಂಡ್ರೋಮ್ ಇಡುತ್ತೇನೆ:

1000000000000066600000000000001

ಎರಡೂ ಕಡೆ 13 ಸೊನ್ನೆ, ನಡುವೆ 666. ಇದು ಅವಿಭಾಜ್ಯ. ಹಾರ್ವೆ ಡಬ್ನರ್ ಕಂಡುಹಿಡಿದದ್ದು, ಕ್ಲಿಫರ್ಡ್ ಪಿಕೋವರ್ ಇದಕ್ಕೆ ಬೆಲ್ಫೆಗೋರ್ ಅನ್ನೋ ಸೈತಾನನ ಹೆಸರಿಟ್ಟರು. ಸೊನ್ನೆ ಇಲ್ಲದೆ 16661 ಬರೆದರೂ ಅವಿಭಾಜ್ಯ, ಆಮೇಲೆ ಎರಡೂ ಕಡೆ 13 ಸೊನ್ನೆ ಹಾಕಿದಾಗ, ಅದಾದ ಮೇಲೆ 42 ಹಾಕಿದಾಗ. ನಡುವೆ ಬೇರೆ ಯಾವುದೂ ಇಲ್ಲ. ಸೈತಾನನ ಕಥೆ ಬಿಡಿ, ನನಗೆ ಇಷ್ಟವಾದದ್ದು ಇದರಿಂದ 1 ಕಳೆದರೆ ಏನಾಗುತ್ತದೆ ಅನ್ನೋದು: 10^14 × (10^16 + 666). ಹತ್ತಿರ ಹತ್ತಿರ ಅರ್ಧ ಭಾಗ 2 ಮತ್ತು 5ರ ಘಾತಗಳೇ. ಒಂದು ಸಂಖ್ಯೆಯ ಹಿಂದಿನ ಅಥವಾ ಮುಂದಿನ ಸಂಖ್ಯೆಯ ಅಪವರ್ತನಗಳು ಇಷ್ಟು ಗೊತ್ತಿದ್ದರೆ ಅದು ಅವಿಭಾಜ್ಯ ಅಂತ ಸಾಧಿಸುವುದು ಬಹಳ ಸುಲಭ.

ದೈತ್ಯ ಪ್ಯಾಲಿಂಡ್ರೋಮ್ ಅವಿಭಾಜ್ಯಗಳನ್ನು ಹುಡುಕುವವರು ಇದನ್ನೇ ಬಳಸುತ್ತಾರೆ. 2021ರಲ್ಲಿ ರಯಾನ್ ಪ್ರಾಪರ್ ಮತ್ತು ಸರ್ಜ್ ಬಟಾಲೊವ್ ಕಂಡುಹಿಡಿದದ್ದು 10^1888529 − 10^944264 − 1. ಬರೆದರೆ 1888529 ಅಂಕಿ, ಎಲ್ಲವೂ 9, ನಟ್ಟನಡುವೆ ಮಾತ್ರ ಒಂದು 8. ಅದಕ್ಕೆ 1 ಕೂಡಿಸಿ: 10^944264 × (10^944265 − 1). ಮತ್ತೆ ಅರ್ಧ ಭಾಗ ಹತ್ತರ ಘಾತ. ಹಾಗಾಗಿ ಅಲ್ಲೂ ಕೆಲಸ ಮಾಡಿದ್ದು ಪ್ಯಾಲಿಂಡ್ರೋಮ್ ಅನ್ನೋ ಗುಣ ಅಲ್ಲ, ಹತ್ತರ ಘಾತಗಳನ್ನು ಕೂಡಿ ಕಳೆದು ಚಿಕ್ಕದಾಗಿ ಬರೆಯಬಹುದಾದ ಆಕಾರ.

ಸುಮ್ನೆ_ಅನುಮಾನ:

ಅಂದರೆ ಬೆಸ ಅಂಕಿಗಳ ಪ್ಯಾಲಿಂಡ್ರೋಮ್‌ಗಳಲ್ಲಿ ಅವಿಭಾಜ್ಯಗಳು ಬೇರೆ ಸಂಖ್ಯೆಗಳಷ್ಟೇ ಸಿಗುತ್ತವಾ? ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ?

ದೊಡ್ಡ_ಅಂಕಿ:

ಸ್ವಲ್ಪ ಜಾಸ್ತಿ. 9 ಅಂಕಿಯ ಪ್ಯಾಲಿಂಡ್ರೋಮ್‌ಗಳು 90000 ಇವೆ, ಅದರಲ್ಲಿ 5172 ಅವಿಭಾಜ್ಯ. ನೂರಕ್ಕೆ 5.7ರ ಆಸುಪಾಸು. 9 ಅಂಕಿಯ ಎಲ್ಲ ಸಂಖ್ಯೆಗಳನ್ನು ತಗೊಂಡರೆ ನೂರಕ್ಕೆ 5. ಇದಕ್ಕೆ ಮುಖ್ಯ ಕಾರಣ ಸರಳ. ಪ್ಯಾಲಿಂಡ್ರೋಮ್‌ನ ಕೊನೆಯ ಅಂಕಿ ಮೊದಲ ಅಂಕಿಯೇ, ಮೊದಲ ಅಂಕಿ ಸೊನ್ನೆ ಆಗುವಂತಿಲ್ಲ. ಹಾಗಾಗಿ 1, 3, 7, 9ರಲ್ಲಿ ಕೊನೆಯಾಗುವವು 9ರಲ್ಲಿ 4, ಬೇರೆ ಸಂಖ್ಯೆಗಳಲ್ಲಿ 10ರಲ್ಲಿ 4.

ಆದರೆ ಉದ್ದ ಹೆಚ್ಚಾದ ಹಾಗೆ ಈ ಪಾಲು ಕರಗುತ್ತದೆ. ಪ್ಯಾಲಿಂಡ್ರೋಮ್‌ಗಳಲ್ಲಿ ಅವಿಭಾಜ್ಯಗಳ ಪಾಲು ಸೊನ್ನೆಯ ಕಡೆ ಹೋಗುತ್ತದೆ ಅಂತ ಬ್ಯಾಂಕ್ಸ್, ಹಾರ್ಟ್, ಸಕಾಟಾ ಮೂವರು 2004ರಲ್ಲಿ ಸಾಧಿಸಿದರು. ಪ್ಯಾಲಿಂಡ್ರೋಮ್ ಅವಿಭಾಜ್ಯಗಳು ಅನಂತವಾಗಿವೆಯಾ ಅನ್ನೋದನ್ನು ಮಾತ್ರ ಇನ್ನೂ ಯಾರೂ ಸಾಧಿಸಿಲ್ಲ. ಇವೆ ಅಂತಲೇ ಎಲ್ಲರ ಊಹೆ.

ಶೇಷ_ಸೊನ್ನೆ:

ನೀವು ಹೇಳಿದ್ದನ್ನು ಇನ್ನೊಂದರ ಮೇಲೆ ಮಾಡಿ ನೋಡಿದೆ. ಒಂಬತ್ತು ಒಂದೇ ಸಲ ಬರುವ 12345678987654321, ಇದು 111111111ರ ವರ್ಗ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು. ಒಂಬತ್ತು ಒಂಬತ್ತು ಅಂಕಿ ಗುಂಪು ಮಾಡಿದರೆ 12345678 ಮತ್ತು 987654321. ಕೂಡಿದರೆ ಸರಿಯಾಗಿ 999999999. ಆಮೇಲೆ ಭಾಗಲಬ್ಧ ತೆಗೆದರೆ ಮತ್ತೆ ಅದೇ 12345679! ಅಂದರೆ 12345679ನ್ನು ಒಂಬತ್ತು 9ಗಳಿಂದ ಗುಣಿಸಿದರೆ ಇದು, ಹತ್ತು 9ಗಳಿಂದ ಗುಣಿಸಿದರೆ ನನ್ನ ಮೊದಲಿನ ಸಂಖ್ಯೆ. ಎಂಟು 9ಗಳಿಂದ ಮಾಡಿದೆ, 1234567887654321 ಬಂತು. ಕೆಳಗೆ ಇಳಿಯುತ್ತಾ ಹೋಗಿ ಎರಡು 9ರ ತನಕ ಬಂದೆ, 12345679 × 99 = 1222222221. ಎಲ್ಲವೂ ಪ್ಯಾಲಿಂಡ್ರೋಮ್. ಇದು ಎಷ್ಟು 9 ಇದ್ದರೂ ನಡೆಯುತ್ತದೆ ಅಲ್ವಾ?

ಕಾಗದ_ಪೆನ್ನು:

ಎಷ್ಟಿದ್ದರೂ ನಡೆಯುತ್ತದೆ. ನೀವು ಮಾಡುತ್ತಿರುವುದು ಒಂಬತ್ತು ಒಂದುಗಳನ್ನು ಬೇರೆ ಬೇರೆ ಉದ್ದದ ಒಂದುಗಳಿಂದ ಗುಣಿಸುವುದೇ. ಎರಡು ಸಾಲುಗಳಲ್ಲಿ ಒಂದಕ್ಕೆ ಒಂಬತ್ತೇ ಅಂಕಿ ಇರುವ ತನಕ ಕೈಲಿ ಏನೂ ಉಳಿಯಲ್ಲ. ಈ ಸಂಖ್ಯೆಗಳೆಲ್ಲ 3 × 3 × 37 × 333667ರಿಂದ ಭಾಗ ಆಗುತ್ತವೆ, 9ಗಳ ಎಣಿಕೆ ಸಮ ಆದರೆ 11ರಿಂದಲೂ, 5ರ ಮಗ್ಗಿಯಲ್ಲಿದ್ದರೆ 41 ಮತ್ತು 271ರಿಂದಲೂ. 6 ಒಂಬತ್ತುಗಳಿಂದ ಗುಣಿಸಿ ನೋಡಿ, ನೀವು ಹುಡುಕುತ್ತಿದ್ದ 7 ಮತ್ತು 13 ಅಲ್ಲಿ ಕೂತಿವೆ.